ಯುಗಾದಿಯ ದಿನ ಬಂದ ಶಿಫಾರಸು

ಈ ಸಲದ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಯಲ್ಲಿ ದಿನಸಿ ಕೊಂಡು, ಅಲ್ಲೇ ಊಟ ಮುಗಿಸಿ, ಕಾರಿನ ಬಾಗಿಲು ತೆರೆದರೆ ಒಳಗೆಲ್ಲ ಹುಳಿ ವಾಸನೆ. ಬಿಸಿಲಿಗೆ ಉಬ್ಬಿದ ದೋಸೆ ಹಿಟ್ಟಿನ ಪ್ಯಾಕೆಟ್ ಹಿಂದಿನ ಸೀಟಿನಲ್ಲಿ ಒಡೆದು, ಹಿಟ್ಟು ನೊರೆನೊರೆಯಾಗಿ ಸೀಟ್ ಬೆಲ್ಟಿನ ಸಂದಿಗೆ ಇಳಿಯುತ್ತಿತ್ತು. ನನ್ನ ಹೆಂಡತಿ ಶ್ರುತಿ ಮೂಗು ಮುಚ್ಚಿಕೊಂಡು ಟಿಶ್ಯೂ ಹುಡುಕಿದಳು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

“ಯಾಕೆ ಹಾಗೆ ನಿಂತೆ? ಒರೆಸು ಬಾ.”

“ಇದು ಅವರ ಹಿಟ್ಟು.”

“ಗೊತ್ತು. ಬೇರೆ ಬ್ರ್ಯಾಂಡ್ ಖಾಲಿಯಾಗಿತ್ತು. ಹಿಟ್ಟಿನ ಮೇಲೆ ಏನು ಸಿಟ್ಟು ನಿಂಗೆ?”

ಹಿಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಆ ಹಿಟ್ಟು ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಹುದುಗಬೇಕೆಂದು ಲೆಕ್ಕ ಹಾಕಿಕೊಟ್ಟವನೇ ನಾನು. ಸಿಟ್ಟಿರುವುದು ಅದರ ಮಾಲೀಕರಾದ ಶ್ರೀಪತಿ ಅಂಕಲ್ ಮೇಲೆ. ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿದ್ದ ಅವರ ಫ್ಯಾಕ್ಟರಿಯಲ್ಲಿ ನಾನು ಕಳೆದ ಕೊನೆಯ ವರ್ಷ, ಒಂದು ಬೇಸಿಗೆಯ ಕೊನೆಯಿಂದ ಮುಂದಿನ ಬೇಸಿಗೆಯ ಮೊದಲ ತನಕ, ಆ ವಾಸನೆಯ ಜೊತೆಗೆ ಇಡಿಯಾಗಿ ಕಾರಿನಿಂದ ಹೊರಗೆ ಬಂತು.

ನಾನು ಸಂಖ್ಯಾಶಾಸ್ತ್ರ ಓದಿದವನು. ಒಬ್ಬ ಮನುಷ್ಯನ ನೆನಪು ಪುರಾವೆಯಲ್ಲ ಎಂದು ಯೂನಿವರ್ಸಿಟಿಯಲ್ಲಿ ಫೀಸು ಕಟ್ಟಿ ಕಲಿತವನು. ಅದರಲ್ಲೂ ಸಿಟ್ಟಿನಲ್ಲಿರುವವನ ನೆನಪು ತನಗೆ ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಚೆಲ್ಲುತ್ತದೆ. ಆದ್ದರಿಂದ ಎಲ್ಲಿ ನನಗೆ ಖಚಿತ, ಎಲ್ಲಿ ಅನುಮಾನ ಎಂದು ಹೇಳುತ್ತ ಹೋಗುತ್ತೇನೆ. ಸಿಟ್ಟಿನ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಆಗ ನನಗೆ ಇಪ್ಪತ್ತೇಳು ಇರಬೇಕು. ನಾವು ಮೈಸೂರಿನಿಂದ ಲಾಂಗ್ ಐಲೆಂಡಿನ ಜೆರಿಕೋಗೆ ಬಂದಾಗ ನಾನು ಮಿಡಲ್ ಸ್ಕೂಲ್ ಹುಡುಗ. ಅಪ್ಪ ಅಮ್ಮ ಈಗಲೂ ಅಲ್ಲೇ ಇದ್ದಾರೆ. ಓದು ಮುಗಿಸಿದ ಮೇಲೆ ಬ್ಯಾಂಕಿನಲ್ಲೋ ಔಷಧಿ ಕಂಪನಿಯಲ್ಲೋ ಸೇರಬೇಕಾದವನು, ಅಪ್ಪನ ಗೆಳೆಯರಾದ ಶ್ರೀಪತಿಯವರು ಕರೆದರೆಂದು ಹಿಟ್ಟಿನ ಫ್ಯಾಕ್ಟರಿಗೆ ಹೋದೆ. ಅದಿದ್ದದ್ದು ಒಂದು ಆಫೀಸ್ ಪಾರ್ಕಿನ ಹಿಂಭಾಗದಲ್ಲಿ. ಒಂದು ಕಡೆ ಇನ್ಶೂರೆನ್ಸ್ ಆಫೀಸು, ಇನ್ನೊಂದು ಕಡೆ ಹಲ್ಲಿನ ಸೆಟ್ ಮಾಡುವ ಲ್ಯಾಬು, ನಡುವೆ ನಾವು. ಆಗಸ್ಟ್ ತಿಂಗಳಲ್ಲಿ ಇನ್ಶೂರೆನ್ಸ್‌ನವರು ವಾಸನೆಯ ಬಗ್ಗೆ ಲ್ಯಾಂಡ್‌ಲಾರ್ಡ್‌ಗೆ ದೂರು ಕೊಡುತ್ತಿದ್ದರು. ಅವರಿಗೆ ಅದು ಏನೋ ಸತ್ತ ವಾಸನೆ. ನಮಗೆ ಎಲ್ಲ ಸರಿಯಾಗಿ ನಡೆಯುತ್ತಿದೆ ಎಂಬುದರ ಗುರುತು.

ದಿನಕ್ಕೆ ಮೂರು ಟ್ರಿಪ್ ಇರುತ್ತಿದ್ದವು. ಮೊದಲ ವ್ಯಾನು ಮುಂಜಾನೆ ಸೇತುವೆ ದಾಟಿ ಕ್ವೀನ್ಸ್, ಲಾಂಗ್ ಐಲೆಂಡ್ ಕಡೆ ಹೋಗುತ್ತಿತ್ತು. ಎರಡನೆಯದು ನ್ಯೂಜೆರ್ಸಿಯ ಅಂಗಡಿಗಳಿಗೆ. ಮೂರನೆಯದು, ಎಲ್ಲಿ ಸಾಲು ಖಾಲಿಯಾಗಿದೆಯೋ ಅಲ್ಲಿಗೆ. ಮೊದಲ ಟ್ರಿಪ್ಪಿನ ಪ್ಯಾಕೆಟ್ಟು ಗಿರಾಕಿಯ ಕಣ್ಣೆದುರಿನ ಶೆಲ್ಫಿನಲ್ಲಿ ಕೂರುತ್ತಿತ್ತು. ಮೂರನೆಯ ಟ್ರಿಪ್ಪಿನದು ಮೊಸರು ಡಬ್ಬಿಗಳ ಹಿಂದೆ ಜಾಗ ಸಿಕ್ಕರೆ ಅಲ್ಲಿ, ಇಲ್ಲದಿದ್ದರೆ ವಾಪಸ್ಸು. ಒಂದೇ ಗ್ರೈಂಡರಿನ ಒಂದೇ ಹಿಟ್ಟು. ವ್ಯತ್ಯಾಸ ಹೊರಟ ಹೊತ್ತಿನದು ಮಾತ್ರ.

ಇದು ಗೊತ್ತಿದ್ದದ್ದರಿಂದಲೇ ಭಾರ್ಗವಿ ಹೇಳಿದ್ದು ನನಗೆ ಒಂದೇ ಮಾತಿಗೆ ಅರ್ಥವಾಯಿತು. ಭಾರ್ಗವಿ ಶ್ರೀಪತಿಯವರ ಮಗಳು, ಇಲ್ಲೇ ಹುಟ್ಟಿದವಳು. ಆಗ ಮ್ಯಾನ್‌ಹ್ಯಾಟನ್‌ನ ಒಂದು ಬಿಸಿನೆಸ್ ಸ್ಕೂಲಿನಲ್ಲಿ ಎರಡನೇ ವರ್ಷದಲ್ಲಿದ್ದಳು. ಅದೇ ಸ್ಕೂಲಿಗೆ ನಾನೂ ಅರ್ಜಿ ಹಾಕುತ್ತೇನೆ ಅಂದಾಗ ಅವಳು ಅಪ್ಪನ ಆಫೀಸಿನ ಫ್ರಿಜ್ಜಿನಿಂದ ಮಜ್ಜಿಗೆ ತೆಗೆದು ಕುಡಿಯುತ್ತಿದ್ದಳು.

“ರೌಂಡ್ ಒನ್,” ಅಂದಳು. “ಡೋಂಟ್ ಬಿ ಎ ಹೀರೋ. ಸೆಪ್ಟೆಂಬರಲ್ಲಿ ಹಾಕ್ಬಿಡು. ಎಲ್ಲಾ ಸೀಟೂ ಖಾಲಿ ಇರತ್ತೆ. ಜನವರಿದು ರೌಂಡ್ ಟೂ, ಅದೂ ಓಕೆ, ಆದ್ರೆ ಜಾತ್ರೆ. ರೌಂಡ್ ತ್ರೀಲಿ ದೆ ಆರ್ ಜಸ್ಟ್ ಫಿಲಿಂಗ್ ಹೋಲ್ಸ್. ನಿನ್ನ ಶೇಪಿನ ಹೋಲ್ ಒಂದು ಉಳಿದಿರ್ಬೇಕಲ್ಲ?”

“ಮೂರನೇ ಟ್ರಿಪ್ಪು,” ಅಂದೆ.

“ಎಕ್ಸ್ಯಾಕ್ಟ್ಲಿ. ಯೂ ಡೋಂಟ್ ವಾಂಟ್ ಟು ಬಿ ದ ಥರ್ಡ್ ವ್ಯಾನ್.”

ಆ ವರ್ಷವೇ ಆಗಬೇಕಿತ್ತು. ಅದಕ್ಕೆ ಕಾರಣ ಶ್ರುತಿಯ ಓದು. ಮದುವೆಯಾದ ಮೊದಲ ವರ್ಷಗಳಲ್ಲಿ ಅವಳು ಒಂದು ರಾಜ್ಯದಲ್ಲಿ ಮೆಡಿಕಲ್ ಓದಿ, ನಾನು ಇನ್ನೊಂದರಲ್ಲಿದ್ದು, ಇಬ್ಬರಿಗೂ ಏರ್‌ಪೋರ್ಟ್ ಅಂದರೆ ವಾಕರಿಕೆ ಬರುವಂತಾಗಿತ್ತು. ಇನ್ನು ಮೇಲೆ ಬೇರೆ ಊರಿನಲ್ಲಿ ಇರುವುದು ಬೇಡ ಎಂದು ತೀರ್ಮಾನಿಸಿದ್ದೆವು. ಆ ಜುಲೈನಲ್ಲಿ ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ, ಅಂದರೆ ಡಾಕ್ಟರಿಕೆಯ ತರಬೇತಿ, ಶುರುವಾಯಿತು. ಮುಂದಿನ ಆಗಸ್ಟಿನಲ್ಲಿ ನಾನು ಎರಡು ವರ್ಷದ ಎಂಬಿಎಗೆ ಸೇರಿದರೆ ಇಬ್ಬರದೂ ಒಟ್ಟಿಗೆ ಮುಗಿಯುತ್ತಿತ್ತು. ಒಂದು ವರ್ಷ ತಡವಾದರೆ ಅವಳು ಫೆಲೋಶಿಪ್ ಸಿಕ್ಕಿದ ಊರಿಗೆ, ನಾನು ಇಲ್ಲಿ. ಹಾಗಾಗಿ ಈ ವರ್ಷ ಇಲ್ಲವೆಂದರೆ ಯಾವ ವರ್ಷವೂ ಇಲ್ಲ. ಇದು ಶ್ರೀಪತಿ ಅಂಕಲ್‌ಗೆ ಗೊತ್ತಿತ್ತು. ನಾನೇ ಅವರೆದುರು ಕೂತು, ವರ್ಷಗಳನ್ನು ಬೆರಳಿನಲ್ಲಿ ಎಣಿಸಿ ಹೇಳಿದ್ದೆ. ಇದು ನನಗೆ ಖಚಿತವಾಗಿ ನೆನಪಿದೆ, ಯಾಕೆಂದರೆ ಅವರೂ ತಮ್ಮ ಬೆರಳಿನಲ್ಲಿ ಎಣಿಸಿ ನೋಡಿ “ಕರೆಕ್ಟು” ಅಂದಿದ್ದರು.

ಪ್ರಬಂಧಗಳು ಸಿದ್ಧವಾದವು. ಪರೀಕ್ಷೆಯ ಅಂಕ ಬಂದಿತ್ತು. ನನ್ನ ಪ್ರೊಫೆಸರು ಶಿಫಾರಸು ಕಳಿಸಿದರು. ಉಳಿದದ್ದು ಈಗಿನ ಬಾಸ್ ಬರೆಯಬೇಕಾದ ಶಿಫಾರಸು. ಅದಿಲ್ಲದೆ ಅರ್ಜಿ ಪೂರ್ತಿಯಾಗುವುದಿಲ್ಲ. ಸ್ಕೂಲಿನವರು ನೇರವಾಗಿ ಅವರ ಈಮೇಲಿಗೇ ಲಿಂಕ್ ಕಳಿಸಿದ್ದರು. ಮೊದಲ ಸುತ್ತು ಮುಗಿಯುವ ವಾರ ನಾನು ಅವರ ಕೋಣೆಗೆ ಹೋದೆ. ಗಾಜಿನ ಕಿಟಕಿಯ ಆಚೆ ಗ್ರೈಂಡರುಗಳು ತಿರುಗುತ್ತಿದ್ದವು. ಗೋಡೆಯ ಮೇಲೆ ಬೆಂಗಳೂರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರು.

“ಮುರಳಿ, ಪಕ್ಷ ಶುರುವಾಗೋಯ್ತಲ್ಲೋ,” ಅಂದರು. ಪಿತೃಪಕ್ಷ, ಹಿರಿಯರಿಗೆ ಎಡೆಯಿಡುವ ದಿನಗಳು. “ಪಕ್ಷದಲ್ಲಿ ಯಾರಾದ್ರೂ ಒಳ್ಳೇ ಕೆಲಸಕ್ಕೆ ಕೈ ಹಾಕ್ತಾರಾ?”

ತಮಾಷೆ ಅಂದುಕೊಂಡೆ. “ಅಂಕಲ್, ನೀವು ನಾಕು ಸಾಲು ಬರೆದು ಬಟನ್ ಒತ್ತಬೇಕು, ಅಷ್ಟೆ.”

“ಬಟನ್ ಒತ್ತೋದೂ ಒಂದು ಕೆಲಸಾನೇ. ನಮ್ಮಪ್ಪ ಪಕ್ಷದಲ್ಲಿ ಒಂದು ಜೊತೆ ಚಪ್ಪಲಿ ಕೊಂಡವರಲ್ಲ, ಗೊತ್ತಾ?”

“ಆದ್ರೆ ಡೆಡ್‌ಲೈನು ಪಕ್ಷದಲ್ಲೇ ಇದೆಯಲ್ಲ.”

“ಸ್ಕೂಲೇನು ಓಡಿ ಹೋಗತ್ತಾ? ಜನವರೀಲಿ ಇನ್ನೊಂದು ರೌಂಡ್ ಇದೆ ಅಂತ ಭಾರ್ಗವೀನೇ ಹೇಳಿದ್ಲು. ನವರಾತ್ರಿ ಬರಲಿ. ಸರಸ್ವತಿ ಪೂಜೆ ದಿವಸ ಫಸ್ಟ್ ಕ್ಲಾಸಾಗಿ ಬರೀತೀನಿ. ಬೇಕಾದ್ರೆ ನಿನ್ನ ಲ್ಯಾಪ್‌ಟಾಪ್ ತಂದು ಪೂಜೆಗಿಡು.”

ನಾನು ವಾದಿಸಿದೆ. ಎಷ್ಟು ಹೊತ್ತು, ಎಷ್ಟು ಜೋರಾಗಿ ಎಂಬುದು ನೆನಪಿಲ್ಲ. ನನ್ನ ನೆನಪಿನಲ್ಲಿ ನಾನು ಬಹಳ ಚೆನ್ನಾಗಿ ವಾದಿಸಿದ್ದೇನೆ. ಅದರಿಂದಲೇ ಅದನ್ನು ನಂಬುವುದಿಲ್ಲ. ಅವರು ಕೊನೆಗೆ ಹೇಳಿದ್ದು ಮಾತ್ರ ಅಕ್ಷರಶಃ ನೆನಪಿದೆ. “ನಿನ್ನ ಒಳ್ಳೇದಕ್ಕೇ ಕಣೋ ಹೇಳ್ತಿರೋದು.”

ಸಂಜೆ ಜೆರಿಕೋಗೆ ಫೋನ್ ಮಾಡಿದೆ. ಪಕ್ಷದ ವಿಷಯದಲ್ಲಿ ಅಮ್ಮ ಅವರ ಕಡೆಯೇ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಆ ವಾರ ಅವಳು ಹೊಸ ಪೊರಕೆಯನ್ನೂ ಮನೆಯೊಳಗೆ ತರುತ್ತಿರಲಿಲ್ಲ.

“ಪಕ್ಷ ನಮಗೆ ಕಣೋ, ಅಮೆರಿಕದ ಸ್ಕೂಲಿಗಲ್ಲ,” ಅಂದಳು. “ನಿಮ್ಮ ತಾತ ಮೇಲಿಂದ ಇಳಿದು ಬಂದು ನಿನ್ನ ಅಪ್ಲಿಕೇಶನ್ ಹಿಡ್ಕೋತಾರಾ? ಹೆಡ್‌ಮಾಸ್ಟರಾಗಿದ್ದೋರು. ಬಂದಿದ್ರೆ ಅವರೇ ರೆಕಮೆಂಡೇಶನ್ ಬರೆದುಬಿಡೋರು.”

ಮೊದಲ ಸುತ್ತು ಮುಗಿಯಿತು. ಅದೇ ಪಕ್ಷದಲ್ಲಿ ಎಂದು ನನ್ನ ನೆನಪು, ಫ್ಯಾಕ್ಟರಿಗೆ ಹೊಸ ವ್ಯಾನು ಬಂತು. ಪಾರ್ಕಿಂಗಿನಲ್ಲಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಶ್ರೀಪತಿ ಅಂಕಲ್ ತಾವೇ ಸ್ಟಿಯರಿಂಗ್ ಹಿಡಿದು ಮುಂದೆ ನಡೆಸಿದರು. ಇನ್ಶೂರೆನ್ಸ್ ಆಫೀಸಿನ ಕಿಟಕಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಪಾರ್ಕಿಂಗಿನ ಅಂಚಿನ ಮೇಪಲ್ ಮರದ ತುದಿ ಕೆಂಪಾಗಿತ್ತು. ಆ ಕೆಂಪು ನನ್ನ ಕಣ್ಣಿಗೆ ಕಟ್ಟಿದೆ. ಆದರೆ ಶ್ರುತಿ ಪ್ರಕಾರ ನಿಂಬೆಹಣ್ಣಿನ ಕಾರ್ಯಕ್ರಮ ಜೂನಿನಲ್ಲಿ, ಹಳೇ ವ್ಯಾನಿಗೆ. ತಾನು ಅಲ್ಲೇ ನಿಂತು ಬೆವರುತ್ತ ಮಾವಿನ ಲಸ್ಸಿ ಕುಡಿದೆ ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ತಪ್ಪು. ಪಕ್ಷದಲ್ಲೇ ವ್ಯಾನು ಬಂತಲ್ಲ ಎಂಬುದಕ್ಕೆ ಆಗ ನಾನು ಅಷ್ಟು ಮಹತ್ವ ಕೊಡಲೂ ಇಲ್ಲ. ಒಬ್ಬ ಹಿರಿಯರಿಗೆ ಒಂದು ನಂಬಿಕೆ ಇದೆ, ಇನ್ನೊಂದು ಸುತ್ತೂ ಇದೆ, ಇರಲಿ ಎಂದುಕೊಂಡೆ.

ಸರಸ್ವತಿ ಪೂಜೆಯ ದಿನ ಲ್ಯಾಪ್‌ಟಾಪ್ ತೆಗೆದುಕೊಂಡೇ ಹೋದೆ. ಪೂಜೆಗಲ್ಲ, ನೆನಪಿಸಲು. “ಈಗ್ಯಾಕೋ ಅರ್ಜೆಂಟು? ಜನವರಿ ತಾನೇ?” ಎಂದು ಅವರು ನನ್ನ ಕೈಗೆ ಕೋಸಂಬರಿ ಕೊಟ್ಟರು. ಅಷ್ಟರಲ್ಲಿ ದೀಪಾವಳಿಯ ಆರ್ಡರುಗಳು ಶುರುವಾಗಿದ್ದವು. ಒಂದು ದೊಡ್ಡ ಸೂಪರ್‌ಮಾರ್ಕೆಟ್ ಗುಂಪಿನೊಡನೆ ಮಾತುಕತೆ ನಡೆದಿತ್ತು. ಹೊಸ ವರ್ಷದಿಂದ ಅವರ ಎಲ್ಲ ಅಂಗಡಿಗಳಿಗೂ ನಮ್ಮ ಹಿಟ್ಟು. ಆ ಒಪ್ಪಂದ ಕೈಗೂಡಬೇಕಾದರೆ ಚಳಿಗಾಲದಲ್ಲೂ ಹಿಟ್ಟು ಬೇಸಿಗೆಯ ಹಾಗೆ ಉಬ್ಬಬೇಕು.

ಚಳಿಯಲ್ಲಿ ಹಿಟ್ಟು ಮುನಿಸಿಕೊಂಡ ಮಗುವಿನ ಹಾಗೆ. ಎಷ್ಟು ಹೊತ್ತು ಕಾದರೂ ತಣ್ಣಗೆ ಕೂತಿರುತ್ತದೆ. ಹೀಟರ್ ಹೆಚ್ಚಿಸಿದರೆ ಒಮ್ಮೆಲೇ ಉಕ್ಕಿ ಹುಳಿಯಾಗುತ್ತದೆ. ನವೆಂಬರ್ ಪೂರ್ತಿ ನಾನು ಆ ಕೋಣೆಯಲ್ಲಿ ಜಾಕೆಟ್ ಹಾಕಿಕೊಂಡು ಥರ್ಮಾಮೀಟರ್ ಹಿಡಿದು ಕೂತೆ. ಉದ್ದು ಎಷ್ಟು, ನೀರಿನ ಬಿಸಿ ಎಷ್ಟು, ಹೊರಗಿನ ಚಳಿ ಎಷ್ಟಾದರೆ ಒಳಗೆ ಎಷ್ಟಿರಬೇಕು. ಕೊನೆಗೆ ಹಿಟ್ಟು ಹೇಳಿದ ಮಾತು ಕೇಳತೊಡಗಿತು. ಅಂಕಲ್ ಒಂದು ಇಡ್ಲಿ ಮುರಿದು, ಒಳಗಿನ ತೂತುಗಳನ್ನು ನೋಡಿ, “ನೀನಿಲ್ದಿದ್ರೆ ನಾನು ಅಂಗಡಿ ಮುಚ್ಬೇಕು ಕಣೋ,” ಅಂದರು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ. ಅದು ಹೊಗಳಿಕೆಯಾಗಿರಲಿಲ್ಲ. ನನ್ನ ಅರ್ಜಿಯ ಗತಿ ಏನೆಂಬ ಸೂಚನೆಯಾಗಿತ್ತು.

ಡಿಸೆಂಬರಿನಲ್ಲಿ ಅವರು ಮೈಸೂರಿಗೆ ಹೋದರು. ಎರಡನೇ ಸುತ್ತಿನ ಗಡುವು ಜನವರಿಯ ಮೊದಲ ವಾರ. ನಾನು ದಿನ ಬಿಟ್ಟು ದಿನ ಮೆಸೇಜ್ ಕಳಿಸಿದೆ. ಪ್ರತಿ ಮೆಸೇಜಿಗೂ ಕೈ ಮುಗಿದ ಚಿತ್ರ ಬರುತ್ತಿತ್ತು. ಹಿಮ ಬಿದ್ದು ವ್ಯಾನುಗಳು ನಿಂತ ಒಂದು ಬೆಳಿಗ್ಗೆ ಫೋನೇ ಮಾಡಿದೆ. ಅಲ್ಲಿ ಅವರಿಗೆ ಸಂಜೆಯ ಕಾಫಿ ಹೊತ್ತು. ಹಿಂದೆ ಯಾರೋ ನಗುತ್ತಿದ್ದರು.

“ಧನುರ್ಮಾಸ ಕಣೋ. ಶೂನ್ಯ ಮಾಸ.”

“ಅಂಕಲ್, ಧನುರ್ಮಾಸದಲ್ಲಿ ಮದುವೆ ಮುಂಜಿ ಮಾಡಲ್ಲ. ಈಮೇಲ್ ಕಳಿಸ್ತಾರೆ.”

“ಅಡ್ಮಿಶನ್ ಅಂದ್ರೆ ಮದುವೆಗಿಂತ ಕಮ್ಮಿ ಏನೋ? ಸಂಕ್ರಾಂತಿ ಆಗ್ಲಿ. ಉತ್ತರಾಯಣ ಬರತ್ತೆ.”

“ಸಂಕ್ರಾಂತಿ ಹೊತ್ತಿಗೆ ಬಾಗಿಲು ಹಾಕಿರ್ತಾರೆ.”

“ಮೂರನೇ ರೌಂಡ್ ಇದೆಯಲ್ಲೋ! ಕೊನೇ ಪಂಕ್ತೀಲಿ ಕೂತ್ರೆ ಏನಾಯ್ತು? ಮೊದಲನೇ ಪಂಕ್ತೀಲಿ ಬರೀ ನೂಕಾಟ. ಕೊನೇ ಪಂಕ್ತಿಯವರಿಗೆ ಆರಾಮಾಗಿ, ವಿಚಾರಿಸ್ಕೊಂಡು ಬಡಿಸ್ತಾರೆ.”

ಕೊನೆಯ ಪಂಕ್ತಿಯಲ್ಲಿ ಕೂತು ಉಂಡವರಿಗೆಲ್ಲ ಗೊತ್ತು. ವಿಚಾರಿಸಿಕೊಳ್ಳುವುದು ನಿಜ. “ಹೋಳಿಗೆ ಮುಗೀತು, ಏನೂ ಅಂದ್ಕೋಬೇಡಿ,” ಎಂದು ವಿಚಾರಿಸಿಕೊಳ್ಳುತ್ತಾರೆ. ಆಮೇಲೆ ತಿಳಿಸಾರು.

ಇಷ್ಟಾದರೂ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳುವವರಿದ್ದಾರೆ. ಭಾರ್ಗವಿಯೂ ಕೇಳಿದಳು. ಬಾಸಿನ ಬದಲು ಬೇರೆಯವರಿಂದ ಬರೆಸಬಹುದಿತ್ತು. ಆದರೆ ಈಗಿನ ಬಾಸ್ ಯಾಕೆ ಬರೆದಿಲ್ಲ ಎಂದು ಅರ್ಜಿಯಲ್ಲೇ ವಿವರಿಸಬೇಕಿತ್ತು. ಏನೆಂದು ವಿವರಿಸಲಿ? ಮ್ಯಾನ್‌ಹ್ಯಾಟನ್‌ನ ಅಡ್ಮಿಶನ್ ಆಫೀಸಿನಲ್ಲಿ ಕೂತವರಿಗೆ, ನನ್ನ ಬಾಸು ನನ್ನನ್ನು ಬಹಳ ಮೆಚ್ಚುತ್ತಾರೆ, ಆದರೆ ಸೂರ್ಯ ಈಗ ಧನು ರಾಶಿಯಲ್ಲಿದ್ದಾನೆ ಎಂದು ಬರೆಯಲೆ? ಬರೆದು ನೋಡಿದೆ. ಓದಿ ನಾನೇ ನಕ್ಕು ಅಳಿಸಿದೆ. ನಗು ಬಂತೆಂದು ಶ್ರುತಿಯೂ ಹೇಳುತ್ತಾಳೆ. ಆ ದಿನದ ಬಗ್ಗೆ ನಮ್ಮಿಬ್ಬರ ನೆನಪು ಒಂದೇ.

ಎರಡನೇ ಸುತ್ತು ಮುಗಿದ ವಾರವೇ ಸೂಪರ್‌ಮಾರ್ಕೆಟ್ಟಿಗೆ ಮೊದಲ ಲೋಡು ಹೋಯಿತು. ಅದು ಧನುರ್ಮಾಸದಲ್ಲೇ ಹೋಯಿತು. ಇದರಲ್ಲಿ ಅನುಮಾನವಿಲ್ಲ, ಹಿಮದಲ್ಲಿ ನಿಂತು ಲೋಡು ಮಾಡಿಸಿದವನು ನಾನು.

ಅಲ್ಲಿಂದ ಯುಗಾದಿಯ ತನಕ ದಿನಗಳು ಬೂದು ಬಣ್ಣದ್ದಾಗಿಯೇ ನೆನಪಿವೆ. ರಸ್ತೆಯಂಚಿನ ಹಿಮ ಕಪ್ಪಾಗಿ, ಕರಗಿ, ಮತ್ತೆ ಬಿದ್ದು ಕಪ್ಪಾಗುತ್ತಿತ್ತು. ಯುಗಾದಿಯ ಬೆಳಿಗ್ಗೆ ಶ್ರೀಪತಿ ಅಂಕಲ್ ರೇಷ್ಮೆ ಶಲ್ಯ ಹೊದ್ದು ಫ್ಯಾಕ್ಟರಿಗೆ ಬಂದರು. ಎಲ್ಲರಿಗೂ ಬೇವು ಬೆಲ್ಲ ಹಂಚಿದರು. ರಾಹುಕಾಲ ಕಳೆಯುವ ತನಕ ಕಾದು, ಕಂಪ್ಯೂಟರ್ ಮುಂದೆ ಕೂತು, ಒಂದೇ ಬೆರಳಿನಲ್ಲಿ ಟೈಪ್ ಮಾಡತೊಡಗಿದರು.

“ಹೊರಗಡೆ ಇರು. ಕಾನ್ಫಿಡೆನ್ಶಿಯಲ್.”

ಗಾಜಿನಾಚೆ ನಿಂತು ನೋಡಿದೆ. ಅವರು ನಡುನಡುವೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಮುಗಿದ ಮೇಲೆ ನನ್ನನ್ನು ಕರೆದು, ನನ್ನೆದುರೇ ಬಟನ್ ಒತ್ತಿ, ನನ್ನ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. “ಓದಿದ್ರೆ ಕಣ್ಣಲ್ಲಿ ನೀರು ಬರತ್ತೆ ನಿಂಗೆ. ನನ್ನ ಸ್ವಂತ ಮಗನಿಗೂ ಹೀಗೆ ಬರೀತಿರ್ಲಿಲ್ಲ.” ಪಂಚಾಂಗದ ಪ್ರಕಾರ ವರ್ಷದಲ್ಲೇ ಅತ್ಯುತ್ತಮ ದಿನ. ಸ್ಕೂಲಿನ ಪ್ರಕಾರ ಪಾತ್ರೆ ತೊಳೆಯುವ ಹೊತ್ತು. ನನ್ನ ಬಾಯಲ್ಲಿ ಬೇವಿತ್ತು. ಬೆಲ್ಲವೂ ಇತ್ತೇ ಎಂದರೆ ಇರಲೇಬೇಕು, ಆದರೆ ನೆನಪಿಲ್ಲ.

ಇಂಟರ್‌ವ್ಯೂಗೆ ಕರೆಯಲೇ ಇಲ್ಲ. ಮೇ ತಿಂಗಳಲ್ಲಿ ಉತ್ತರ ಬಂತು. ನಿಮ್ಮ ಹಿನ್ನೆಲೆ ಚೆನ್ನಾಗಿದೆ, ಆದರೆ ತರಗತಿ ಬಹುಪಾಲು ತುಂಬಿದೆ. ಮುಂದಿನ ವರ್ಷ ಮೊದಲ ಸುತ್ತಿನಲ್ಲೇ ಅರ್ಜಿ ಹಾಕುವುದನ್ನು ಪರಿಗಣಿಸಿ. ನಾನು ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಓದಿದೆ. ಮುಂದಿನ ವರ್ಷ ಎಂಬ ಎರಡು ಪದಗಳನ್ನು ಮತ್ತೆ ಓದಿದೆ. ಶ್ರುತಿಗೆ ಹೇಳಿದಾಗ ಅವಳು ಡ್ಯೂಟಿ ಮುಗಿಸಿ ಬಂದು ಸೋಫಾದಲ್ಲಿ ಶೂ ಸಮೇತ ಮಲಗಿದ್ದಳು. “ನನ್ನಿಂದ ನಿಂಗೆ ಹೀಗಾಯ್ತು,” ಅಂದಳು. ಶ್ರೀಪತಿಯವರನ್ನು ನಾನು ಎಂದೂ ಕ್ಷಮಿಸದಿರಲು ಆ ಒಂದು ವಾಕ್ಯ ಸಾಕು. ತಪ್ಪು ಎಲ್ಲಿಯದೋ, ಅವಳು ಅದನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು. ಇವತ್ತಿಗೂ ಪೂರ್ತಿ ಕೆಳಗಿಳಿಸಿಲ್ಲ.

ಸಂಖ್ಯಾಶಾಸ್ತ್ರ ಓದಿದವನಿಗೆ ಒಂದು ಶಾಪವಿದೆ. ತನ್ನ ಸಿಟ್ಟನ್ನೂ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಮೊದಲ ಸುತ್ತಿನಲ್ಲಿ ಹೆಚ್ಚು ಜನಕ್ಕೆ ಸೀಟು ಸಿಗುವುದು ಸುತ್ತಿನ ಮಹಿಮೆಯೋ, ಬೇಗ ಸಿದ್ಧವಾಗುವವರು ಮೊದಲಿನಿಂದಲೂ ಚುರುಕಾದವರು ಎಂಬುದರ ಮಹಿಮೆಯೋ? ಸೆಪ್ಟೆಂಬರಿನಲ್ಲಿ ಹಾಕಿದ್ದರೂ ನನಗೆ ಸಿಗದೇ ಇರಬಹುದಿತ್ತು. ಹೋಲಿಸಿ ನೋಡಲು ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದ ಇನ್ನೊಬ್ಬ ಮುರಳಿ ಎಲ್ಲೂ ಇಲ್ಲ. ಇದೆಲ್ಲ ಸರಿ. ಆದರೆ ಆ ಇನ್ನೊಬ್ಬ ಮುರಳಿ ಇಲ್ಲದಂತೆ ಮಾಡಿದವರು ಯಾರು? ನನಗೆ ಸೀಟು ತಪ್ಪಿಸಿದರೆಂದು ಮಾತ್ರವಲ್ಲ, ನಾನು ಯೋಗ್ಯನಾಗಿದ್ದೆನೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೂ ಮುಚ್ಚಿದರೆಂದು ನನಗೆ ಸಿಟ್ಟು.

ಆ ಜೂನಿನಲ್ಲಿ ಭಾರ್ಗವಿಯ ಗ್ರ್ಯಾಜುಯೇಶನ್ ಪಾರ್ಟಿ, ಅವರ ಮನೆಯ ಹಿತ್ತಲಿನ ಹುಲ್ಲಿನ ಮೇಲೆ. ಬಿಸಿ ದೋಸೆಯ ಕೌಂಟರಿನ ಹತ್ತಿರ ಅವಳು ನನ್ನನ್ನು ಹಿಡಿದಳು.

“ಯಾಕೆ ರೌಂಡ್ ತ್ರೀಗೆ ಹೋದೆ? ಐ ಟೋಲ್ಡ್ ಯೂ.”

“ನಿಮ್ಮಪ್ಪ ಪಕ್ಷದಲ್ಲಿ ಬರೆಯಲ್ಲ ಅಂದ್ರು.”

“ಪಕ್ಷ ಅಂದ್ರೆ? ದ ಡೆಡ್ ಪೀಪಲ್ ಥಿಂಗ್?” ಅವಳು ನಕ್ಕಳು. “ಮುರಳಿ, ಹಿ ಬಾಟ್ ದ ವ್ಯಾನ್ ದೆನ್. ನನ್ನ ಬರ್ತ್‌ಡೇ ಮಾರನೇ ದಿನ. ನಂಗೆ ಕೇಕ್ ಇಲ್ಲ, ವ್ಯಾನಿಗೆ ತೆಂಗಿನಕಾಯಿ, ಅಂತ ಜಗಳ ಆಡಿದ್ದೆ.”

ಅವಳ ಹುಟ್ಟುಹಬ್ಬ ಆ ಸಲ ಪಕ್ಷದ ನಡುವೆ ಬಂದಿತ್ತು. ಮೇಪಲ್ ಮರದ ಕೆಂಪು ಸುಳ್ಳಲ್ಲ. ನನ್ನ ಮುಖ ನೋಡಿ ಅವಳ ನಗು ನಿಂತಿತು. ಸ್ವಲ್ಪ ಹೊತ್ತು ತಟ್ಟೆಯ ಚಟ್ನಿಯಲ್ಲಿ ಬೆರಳಾಡಿಸಿ ಹೇಳಿದಳು.

“ಅವತ್ತು ಊಟಕ್ಕೆ ಕೂತಾಗ ಏನೋ ಅಂದ್ರು. ಹಿ ಜಸ್ಟ್ ವಾಸಂಟ್ ರೆಡಿ ಟು ಲೆಟ್ ಯೂ ಗೋ.”

“ಕನ್ನಡದಲ್ಲಿ ಏನಂದ್ರು?”

“ವಾಟ್?”

“ಅವರು ನಿಮ್ಮಮ್ಮನ ಹತ್ರ ಕನ್ನಡದಲ್ಲೇ ತಾನೇ ಮಾತಾಡೋದು? ಯಾವ ಪದ ಹೇಳಿದ್ರು?”

“ಐ ಡೋಂಟ್ ರಿಮೆಂಬರ್ ದ ಕನ್ನಡ, ಮುರಳಿ. ಬಿಡು ಅಂತ ಏನೋ ಇತ್ತು.”

ಆ ‘ಬಿಡು’ ಎಂಬ ಪದವನ್ನು ನಾನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. “ಅವನನ್ನ ಬಿಡೋಕೆ ಮನಸ್ಸಿಲ್ಲ ಕಣೇ,” ಅಂದಿದ್ದರೆ ಅದು ಪ್ರೀತಿ. ಕಣ್ಣೊರೆಸಿಕೊಂಡು ಶಿಫಾರಸು ಬರೆದ ಮನುಷ್ಯನ ಮಾತು. “ಅವನನ್ನ ಈಗ್ಲೇ ಬಿಡಲ್ಲ,” ಅಂದಿದ್ದರೆ ಅದು ಪಟ್ಟು, ಸೂಪರ್‌ಮಾರ್ಕೆಟ್ಟಿನ ಲೋಡಿಗೆ ಬೇಕಾದ ಪಟ್ಟು. ಇಂಗ್ಲಿಷಿಗೆ ಹೋದ ಮೇಲೆ ಎರಡೂ ಒಂದೇ ಆಗಿ ಬಂದಿವೆ. ಕೇಳಿದವಳು ಮರೆತಿದ್ದಾಳೆ, ಹೇಳಿದವರು ಒಪ್ಪುವುದಿಲ್ಲ. ಎಷ್ಟೋ ದಿನ ಮೊದಲನೆಯದೇ ಇರಬಹುದು ಎಂದು ನಂಬಲು ನೋಡಿದೆ. ಆದರೆ ಪ್ರೀತಿಗೆ ಪಕ್ಷದ ನೆಪ ಬೇಕಾಗುವುದಿಲ್ಲ. ನೇರವಾಗಿ “ಇನ್ನೊಂದು ವರ್ಷ ಇರು” ಎಂದು ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ, ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಪಾರ್ಟಿಯ ಮಾರನೆಯ ವಾರ ರಾಜೀನಾಮೆ ಕೊಟ್ಟೆ. ಅವರು ಕ್ಯಾಲೆಂಡರ್ ಕಡೆ ತಿರುಗಿ, “ಆಷಾಢ ಬರ್ತಿದೆ. ಆಷಾಢದಲ್ಲಿ ಯಾರಾದ್ರೂ ಕೆಲಸ ಬಿಡ್ತಾರೇನೋ?” ಅಂದರು. ನಾನು ಆಷಾಢದ ಮೊದಲ ದಿನ ಯಾವುದೆಂದು ಅವರ ಕ್ಯಾಲೆಂಡರಿನಲ್ಲೇ ನೋಡಿ, ಆ ದಿನವೇ ಬಿಟ್ಟೆ. ಜುಲೈನಲ್ಲಿ ಲಾಂಗ್ ಐಲೆಂಡಿನ ಅಂಗಡಿಗಳಲ್ಲಿ ಹಿಟ್ಟಿನ ಪ್ಯಾಕೆಟ್ಟುಗಳು ಉಬ್ಬಿ ಒಡೆಯತೊಡಗಿದವು ಎಂದು ಅಮ್ಮ ಜೆರಿಕೋದಿಂದ ಸುದ್ದಿ ಕೊಟ್ಟಳು. ಅದರಲ್ಲಿ ನನ್ನ ಕೈ ಇರಲಿಲ್ಲ. ನನ್ನ ಕೈ ಇರಲಿಲ್ಲ ಎಂಬುದೇ ಕಾರಣ. ಅಮ್ಮ ಪಕ್ಕದ ಮನೆಯ ಆಂಟಿಯ ಫ್ರಿಜ್ಜಿನಲ್ಲಿ ಆದ ಅವಾಂತರವನ್ನು ವರ್ಣಿಸುವಾಗ ನಾನು ಇನ್ನೊಮ್ಮೆ ಹೇಳು ಎಂದು ಹೇಳಿಸಿಕೊಂಡೆ.

ರೆಸಿಡೆನ್ಸಿ ಮುಗಿದ ಮೇಲೆ ನಾವು ಓಹಾಯೋಗೆ ಹೋದೆವು. ಶ್ರುತಿಗೆ ಅಲ್ಲಿ ಫೆಲೋಶಿಪ್, ಆಮೇಲೆ ಒಳ್ಳೆಯ ಕೆಲಸ, ನನಗೂ ಪರವಾಗಿಲ್ಲ ಎನ್ನಬಹುದಾದ ಕೆಲಸ. ಬಿಸಿನೆಸ್ ಸ್ಕೂಲಿನ ಮಾತು ಮತ್ತೆ ಬರಲಿಲ್ಲ. ಹೋದ ವರ್ಷ ನ್ಯೂಜೆರ್ಸಿಗೆ ವಾಪಸಾದೆವು. ಬಂದ ಮೇಲೂ ನಾನು ಸುಮ್ಮನೇ ಇರುತ್ತಿದ್ದೆನೇನೋ. ಕಾರು ತೊಳೆದು, ವಾಸನೆ ಹೋಗುವ ತನಕ ಕಿಟಕಿ ತೆರೆದಿಟ್ಟು, ಮರೆಯುತ್ತಿದ್ದೆ. ಆದರೆ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಶ್ರೀಪತಿ ಅಂಕಲ್ ನನ್ನನ್ನು ಕಂಡು ತಬ್ಬಿಕೊಂಡರು. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಇವನಿಗೆ ಎಂಬಿಎಗೆ ರೆಕಮೆಂಡೇಶನ್ ಬರೆದಿದ್ದು ನಾನೇ. ಯುಗಾದಿ ದಿವಸ! ಎಂಥಾ ಬರವಣಿಗೆ ಅಂತೀರಿ. ಅದೃಷ್ಟ ಇರಲಿಲ್ಲ, ಪಾಪ.”

ಎಲ್ಲರೂ ನನ್ನನ್ನು ಪಾಪ ಎನ್ನುವ ಮುಖದಿಂದ ನೋಡಿದರು. ಒಬ್ಬರು ತಮ್ಮ ಮಗನಿಗೂ ಬರೆದುಕೊಡಿ ಎಂದು ಅಲ್ಲೇ ಕೇಳಿಕೊಂಡರು. ಅಂಕಲ್ ಒಪ್ಪಿದರು. ಶ್ರುತಿ ನನ್ನ ತೋಳು ಹಿಡಿದುಕೊಂಡಿದ್ದಳು, ಗಟ್ಟಿಯಾಗಿ.

ಅದಕ್ಕೇ ಇದನ್ನು ಬರೆದೆ. ಭಾರ್ಗವಿಗೆ ಮೊದಲೇ ಫೋನ್ ಮಾಡಿ ತಿಳಿಸಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ.

“ಈಸ್ ಇಟ್ ಮೀನ್? ಚುಚ್ಚೋ ಹಾಗಿದ್ಯಾ?” ಎಂದು ಕೇಳಿದಳು.

“ಹೌದು.”

“ಫೈನ್. ಜಸ್ಟ್ ಡೋಂಟ್ ಮೇಕ್ ಹಿಮ್ ಸೌಂಡ್ ಓಲ್ಡ್.”

ಶ್ರುತಿ ಓದಿ, ವ್ಯಾನಿನ ವಿಷಯ ಇನ್ನೊಮ್ಮೆ ಯೋಚಿಸು ಅಂದಳು. ಅವಳ ಲಸ್ಸಿಯ ನೆನಪಿಗೂ ಜಾಗ ಕೊಟ್ಟಿದ್ದೇನೆ. ತಪ್ಪಿದ್ದರೆ ಅವರು ಉತ್ತರ ಬರೆಯಲಿ. ಬರೆಯಲು ಅವರಿಗೆ ಬೇಕಾದಷ್ಟು ಸಮಯ ಇರುತ್ತದೆ.

ಸಂಘದ ವಿಶೇಷ ಸಂಚಿಕೆಯ ಸಂಪಾದಕಿ ವಸುಧಾ ಆಂಟಿ ಮೂರು ವಾರದಿಂದ ಲೇಖನ ಕೇಳುತ್ತಿದ್ದರು. ಲೇಖನ ಆಗಲೇ ಮುಗಿದಿತ್ತು, ಕಳಿಸದೆ ಇಟ್ಟುಕೊಂಡಿದ್ದೆ. ಇವತ್ತು ನಾನೇ ಫೋನ್ ಮಾಡಿದೆ.

“ನಾಳೆ ಮಧ್ಯಾಹ್ನ ಪ್ರಿಂಟರ್‌ಗೆ ಹೋಗತ್ತೆ ಕಣಪ್ಪಾ. ಈಗ ಕೊಟ್ರೆ ನಂಗೆ ಓದೋಕೂ ಟೈಮಿರಲ್ಲ, ಹಾಗೇ ಹಾಕ್ಬಿಡ್ತೀನಿ. ಪರ್ವಾಗಿಲ್ವಾ?”

“ಪರ್ವಾಗಿಲ್ಲ ಆಂಟಿ. ನಾಳೆ ಬೆಳಿಗ್ಗೆ ಕಳಿಸ್ತೀನಿ.”

“ಯಾವುದರ ಬಗ್ಗೆ?”

“ಸಮರ್‌ಸೆಟ್‌ನಲ್ಲಿ ಕಳೆದ ಒಂದು ವರ್ಷ. ಹಳೇ ನೆನಪು.”

“ಒಳ್ಳೇದಾಯ್ತು. ಜನಕ್ಕೆ ಅಂಥದ್ದೇ ಇಷ್ಟ. ನಿನ್ನದು ಕೊನೇ ಪುಟಕ್ಕೆ ಬರತ್ತೆ, ಎದುರಿಗೇ ಶ್ರೀಪತಿಯವರ ಹಿಟ್ಟಿನ ಜಾಹೀರಾತು. ಫುಲ್ ಪೇಜ್, ಕಲರ್.”

ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ಹಿಟ್ಟನ್ನು ಬದಲಾಯಿಸಿಲ್ಲ.